ಬಿಸೋಮೆನಿಕೆ ಕೇಳಿದ ಪ್ರಶ್ನೆ

ನಮ್ಮ ಪೇಟೆಯಲ್ಲಿ ಗದ್ದೆಗೆ ಹೊಡೆಯುವ ಔಷಧ ಮಾರುವವಳು ಬಿಸೋಮೆನಿಕೆ. ಅವಳ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದು ಹಲಗೆ ಗೋಡೆ, ಅಷ್ಟೇ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತದೆ. ಗಂಡ ತೀರಿಕೊಂಡ ಮೇಲೆ ಅವಳು ಗಲ್ಲಾದ ಮೇಲೆ ಕೂತಾಗ ಮೂಗು ಮುರಿದವರೆಲ್ಲ ಈಗ ಬೀಜ, ಗೊಬ್ಬರ ಒಯ್ಯುವುದು ಅವಳ ಹತ್ತಿರವೇ. ಬೈದುಕೊಂಡು ಒಯ್ಯುತ್ತಾರೆ, ಅದು ಬೇರೆ ಮಾತು. ಯಾವ ಬೆಳೆ, ಯಾವ ಹುಳ, ಗದ್ದೆ ಎಲ್ಲಿದೆ ಎಂದು ಕೇಳದೆ ಅವಳು ಒಂದು ಬಾಟಲಿಯನ್ನೂ ಕೊಡುವುದಿಲ್ಲ.

"ಔಷಧ ಕೇಳಿದ್ರೆ ಜಾತಕ ಕೇಳ್ತೀಯಲ್ಲ ಅಕ್ಕಾ!" ಎಂದು ಗಂಡಸರು ಗೇಲಿ ಮಾಡುತ್ತಾರೆ.

"ನಿನ್ನ ಜಾತಕ ಯಾರಿಗೆ ಬೇಕೋ? ಹೆಣ್ಣು ಕೊಡೋಕೆ ಕೂತಿಲ್ಲ ನಾನು."

ಅವಳು ಹೀಗೆ ವಿಚಾರಿಸುವುದಕ್ಕೆ ಕಾರಣ, ಕೊಳ್ಳಲು ಬಂದವರಲ್ಲಿ ಸಾಯಲು ಹೊರಟವರಿದ್ದರೆ ಗುರುತಿಸಿ ತಡೆಯುವುದು ಹೇಗೆ ಎಂದು ಆಸ್ಪತ್ರೆಯವರು ಒಮ್ಮೆ ಗದ್ದೆ ಔಷಧ ಮಾರುವವರನ್ನೆಲ್ಲ ಕರೆದು ಕೂರಿಸಿ ಮಾತಾಡಿದ್ದು. ಊಟವಾದ ಮೇಲೆ ಉಳಿದವರು ತೂಕಡಿಸಿದರಂತೆ. ಇವಳು ಮಾತ್ರ ನರ್ಸ್ ರಮ್ಯಲತಾಳ ಬೆನ್ನು ಬಿಡಲಿಲ್ಲ. "ಸಾಯೋ ಯೋಚನೆ ಇದೆಯಾ ಅಂತ ನಾವೇ ಬಾಯಿಬಿಟ್ಟು ಕೇಳಿದ್ರೆ, ಇಲ್ಲದ್ದನ್ನ ತಲೆಗೆ ತುಂಬಿದ ಹಾಗಾಗಲ್ವಾ?" ಎಂದು ಕೇಳಿದಳು.

"ಇಲ್ಲ ಅಕ್ಕಾ. ಎಷ್ಟೋ ಜನ ಯಾರಾದ್ರೂ ಕೇಳ್ಲಿ ಅಂತಾನೇ ಕಾಯ್ತಿರ್ತಾರೆ," ಎಂದಳು ನರ್ಸ್.

ಮೆದವಚ್ಚಿಯ ಬಸ್ಸಿನ ಕಂಡಕ್ಟರ್ ಪಿಯತಿಲಕ ಬಂದದ್ದು ಅದಾಗಿ ಎಷ್ಟೋ ಕಾಲದ ಮೇಲೆ, ಒಂದು ಬೆಳಿಗ್ಗೆ. ಅವನ ಹೆಂಡತಿ ತೀರಿಹೋಗಿ ವರ್ಷ ಕಳೆದಿತ್ತು. ದುಃಖ ಇದ್ದೇ ಇತ್ತು. ಆದರೆ ಅವನು ಕುಗ್ಗಿದ್ದಕ್ಕೆ ಅದೊಂದೇ ಕಾರಣ ಎನ್ನಲು ಅವನಿಗೂ ಆಗುತ್ತಿರಲಿಲ್ಲ. ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ, ಕೆಲಸಕ್ಕೆ ಹೋಗುವುದನ್ನೂ ಬಿಟ್ಟಿದ್ದ. (ಇದನ್ನು ನಾನು ಕದ್ದು ಹೇಳುತ್ತಿಲ್ಲ. ನಾಲ್ಕು ಜನಕ್ಕೆ ಗೊತ್ತಾಗಲಿ, ಹೇಳು ಎಂದವನು ಅವನೇ.)

"ಹುಲ್ಲಿಗೆ ಹೊಡೆಯೋ ಔಷಧ ಕೊಡಕ್ಕಾ."

"ಎಲ್ಲಿ ಹುಲ್ಲು ತಮ್ಮಾ?"

"ಮನೆ ಮುಂದೆ."

"ನಿನ್ನ ಮನೆ ಮುಂದೆ ಇರೋದು ಡಾಂಬರು ರಸ್ತೆ."

ಅವನು ಹೊರಡಲು ತಿರುಗಿದ. "ಇಲ್ಲದಿದ್ರೆ ಬಿಡು, ಬೇರೆ ಕಡೆ ತಗೋತೀನಿ" ಎಂದು ಮೆಲ್ಲನೆ ಅಂದ.

"ಆಯ್ತು, ಮೊದಲು ಕೂತ್ಕೋ. ನನ್ನ ಮುಖ ನೋಡು. ಪಿಯತಿಲಕಾ, ಸಾಯೋ ಯೋಚನೆ ಬಂದಿದೆಯೇನೋ?"

ನನ್ನ ಮಿಷನ್ನಿನ ಮೇಲಿದ್ದ ಕಾಲು ಅಲ್ಲೇ ನಿಂತಿತು. ಆಮೇಲೆ ಒಬ್ಬ ದೊಡ್ಡ ಗಂಡಸು ಅಳುವ ಸದ್ದು. ಬಿಸೋಮೆನಿಕೆ ಅವನಿಗೆ ಬುದ್ಧಿ ಹೇಳಲಿಲ್ಲ, ಕರ್ಮದ ಮಾತು ತೆಗೆಯಲಿಲ್ಲ. "ಅಳು, ಅಳು. ನಾನೆಲ್ಲೂ ಹೋಗಲ್ಲ" ಎಂದಳು, ಅಷ್ಟೇ. ಆಮೇಲೆ ಗೋಡೆ ಬಡಿದು, "ತಂಗೀ, ಚಾ ಮಾಡಿ ತಾ. ಬೆಲ್ಲ ಜಾಸ್ತಿ ಇರ್ಲಿ" ಎಂದು ನನ್ನನ್ನು ಕೂಗಿದಳು.

ಅವನು ಗುಟುಕು ಗುಟುಕಾಗಿ ಕುಡಿದ. ಅವಳು ರಮ್ಯಲತಾಗೆ ಫೋನು ಹಚ್ಚಿ, ಅಂಗಡಿಗೆ ಬೀಗ ಹಾಕಿದಳು. ಬಾಗಿಲಲ್ಲಿ ಗೊಬ್ಬರಕ್ಕೆ ಕಾಯುತ್ತಿದ್ದವನೊಬ್ಬ, "ನಮ್ಮ ಗತಿ ಏನಕ್ಕಾ?" ಎಂದ. "ನಿನ್ನ ಭತ್ತ ನಾಳೆ ತನಕ ಉಪವಾಸ ಇರ್ಲಿ ಬಿಡು," ಎನ್ನುತ್ತ ಪಿಯತಿಲಕನನ್ನು ಆಟೋ ಹತ್ತಿಸಿ, ತಾನೂ ಪಕ್ಕದಲ್ಲಿ ಕೂತಳು.

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಮಾತ್ರೆ ಕೊಟ್ಟರು. ರಮ್ಯಲತಾ ಅವನ ಜೊತೆ ಕೂತು ಮಾತಾಡಿದಳು. ಕುರುನೆಗಲದಿಂದ ಅವನ ಅಕ್ಕ ಕುಸುಮಾ ಬಂದವಳು, ಅವನನ್ನು ಒಂಟಿಯಾಗಿ ಬಿಡುವುದಿಲ್ಲವೆಂದು ಇಲ್ಲೇ ಉಳಿದಳು. ಒಂದೇ ಸಲಕ್ಕೆ ಎಲ್ಲ ಸರಿಹೋಯಿತೆಂದರೆ ಸುಳ್ಳಾದೀತು. ಮಾತ್ರೆ ತಿಂದರೆ ತಲೆ ಭಾರ ಎಂದು ನಡುವೆ ಬಿಟ್ಟುಬಿಟ್ಟ. ಆ ಯೋಚನೆ ಮತ್ತೆ ಬಂತು. ಆದರೆ ಆ ಸಲ ಅವನೇ ನಡೆದು ಬಂದು ಬಿಸೋಮೆನಿಕೆಯ ಮುಂದೆ ಕೂತ. "ಅಕ್ಕಾ, ಮತ್ತೆ ಶುರುವಾಗಿದೆ."

"ಬಂದು ಹೇಳಿದ್ಯಲ್ಲ, ಒಳ್ಳೇದಾಯ್ತು. ನಡಿ ಹೋಗೋಣ."

ಡಾಕ್ಟರು ಮಾತ್ರೆ ಬದಲಿಸಿದರು. ಅದು ಒಗ್ಗಿತು. ನಿದ್ದೆ ಬಂತು, ನಿದ್ದೆಯ ಹಿಂದೆ ಹಸಿವೂ ಬಂತು. ಮಳೆಗಾಲದ ಹೊತ್ತಿಗೆ ಅವನು ಕೆಲಸಕ್ಕೆ ಮರಳಿದ. ತಿಂಗಳಿಗೊಮ್ಮೆ ಈಗಲೂ ಆಸ್ಪತ್ರೆಗೆ ಹೋಗುತ್ತಾನೆ. ಯಾರಾದರೂ ಕೇಳಿದರೆ, "ತಲೆ ಡಾಕ್ಟರ ಹತ್ರ ಹೋಗ್ತಿದ್ದೀನಿ, ನೀನೂ ಬರ್ತೀಯಾ? ನಿನಗೂ ಬೇಕಾದ ಹಾಗಿದೆ" ಅನ್ನುತ್ತಾನೆ.

ಕಳೆದ ಪೊಸೊನ್ ಹುಣ್ಣಿಮೆಯ ಬೌದ್ಧ ಹಬ್ಬಕ್ಕೆ, ಅನುರಾಧಪುರಕ್ಕೆ ಹೋಗುವ ಯಾತ್ರಿಕರಿಗೆ ನಮ್ಮ ಪೇಟೆಯವರು ರಸ್ತೆ ಬದಿಯಲ್ಲಿ ಊಟ ಹಾಕಿದೆವು. ಪಿಯತಿಲಕ ಬಾವುಟ ಹಿಡಿದು ವಾಹನಗಳಿಗೆ ಅಡ್ಡ ನಿಂತು, ಒಬ್ಬರನ್ನೂ ಮುಂದೆ ಹೋಗಗೊಡದೆ ಊಟಕ್ಕೆ ಇಳಿಸಿದ. ಸಂಜೆಯ ಹೊತ್ತಿಗೆ ಹಂಡೆಯ ತಳ ಕಂಡಿತು. ಉಳಿದದ್ದು ಹತ್ತಿದ ಅನ್ನ ಮತ್ತು ಒಂದಿಷ್ಟು ಮರಗೆಣಸಿನ ಪಲ್ಯ. ಅದನ್ನೇ ಕೆರೆದು ನಾವು ನಾಲ್ವರೂ ಮರದಡಿ ತಿನ್ನುತ್ತ ಕೂತೆವು.

"ಉಪ್ಪು ಯಾರು ಹಾಕಿದ್ದು? ಸಮುದ್ರ ಇದ್ದ ಹಾಗಿದೆ," ಎಂದ ಪಿಯತಿಲಕ.

"ಮೂರು ಸಲ ಹಾಕಿಸ್ಕೊಂಡವನು ಯಾರೋ?" ಎಂದಳು ಕುಸುಮಾ.

ಬಿಸೋಮೆನಿಕೆ ನಗುತ್ತ ಕಾಲು ಚಾಚಿದಳು. ಬೆಳಗಿನಿಂದ ನಿಂತೇ ಇದ್ದಳು, ಪಾಪ. ನಾನು ಅವಳ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದೆ.