ಹೆಬ್ಬಾಗಿಲಿಗೇ ಹೋಗುವ ವಾರೆಯಣ್ಣ

ಕೋಪರಖೈರಣೆಯ ಜಯಶೀಲ ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ದಂಗೆಗೆ ಸೇರಿದ. ದಂಗೆ ನಡೆಯುತ್ತಿದ್ದುದು ಪಕ್ಕದ ಮಹಾಪೆಯ ಒಂದು ಆಫೀಸಿನ ತಣ್ಣನೆಯ ಏಸಿ ಕೋಣೆಯಲ್ಲಿ. ಭಾನುವಾರ ದಂಗೆಗೆ ರಜೆ.

ಅದಕ್ಕೆ ಮೊದಲು ಅವನು ಡೊಂಬಿವಲಿಯಲ್ಲಿ ಭಾವನ ಹೋಟೆಲಿನ ಮ್ಯಾನೇಜರ್ ಆಗಿದ್ದವನು. ಹೋಟೆಲು ಮುಚ್ಚಿ ಆ ಜಾಗಕ್ಕೆ ಮೊಬೈಲ್ ಅಂಗಡಿ ಬಂದ ಮೇಲೆ, ಮಕ್ಕಳ ಪ್ರಾಯದವರ ನಡುವೆ ಕೂತು ಕಂಪ್ಯೂಟರ್ ಕಲಿತು, 2011ರಲ್ಲಿ ವಿಡಿಯೋ ಗೇಮ್ ಟೆಸ್ಟರ್ ಆದ. ಗೇಮು ತಯಾರಿಸುವವರು ಸಮುದ್ರದಾಚೆ. ಅದನ್ನು ಆಡಿ ಆಡಿ ತಪ್ಪು ಹುಡುಕುವವರು ಮಹಾಪೆಯಲ್ಲಿ. ಕುದುರೆ ಗಾಳಿಯಲ್ಲಿ ನಿಂತರೆ, ಸೈನಿಕನ ಕಾಲು ಗೋಡೆಯೊಳಗೆ ಹೂತುಹೋದರೆ ಅದಕ್ಕೆ ಬಗ್ ಎನ್ನುತ್ತಾರೆ. ಗಿರಾಕಿಯ ಕಣ್ಣಿಗೆ ಬೀಳುವ ಮೊದಲೇ ಇಡ್ಲಿಯಲ್ಲಿನ ಕೂದಲನ್ನು ಹಿಡಿಯುತ್ತಿದ್ದ ಮನುಷ್ಯನಿಗೆ ಇದು ಹೇಳಿ ಮಾಡಿಸಿದ ಉದ್ಯೋಗ ಎಂದು ಎಲ್ಲರೂ ತಿಳಿದರು. ವಾರೆಂಡರ್ ಎಂಬವನೊಬ್ಬ ಇಲ್ಲದಿದ್ದರೆ ಹಾಗೇ ಆಗುತ್ತಿತ್ತು.

ಗೇಮಿನ ಕಥೆಯಲ್ಲಿ ಒಬ್ಬ ದುಷ್ಟ ಚಕ್ರವರ್ತಿ, ಅವನಿಗೊಂದು ಕಪ್ಪು ಕಲ್ಲಿನ ಕೋಟೆ, ಕೋಟೆಯ ಮೇಲೆ ಬೆಂಕಿ ಕಾರುವ ಎರಡು ತಲೆಯ ಪ್ರಾಣಿ. ಅವನ ವಿರುದ್ಧ ಬಂಡೆದ್ದ ನಾಯಕನೇ ಈ ವಾರೆಂಡರ್. ಆರಡಿ ಎತ್ತರ, ಗಾಳಿ ಇಲ್ಲದಿದ್ದರೂ ಹಾರಾಡುವ ಕೂದಲು, ಗುಡುಗಿನಂಥ ಕಂಠ. ಆಡುವವನು ಅವನ ಪಡೆಯ ಒಬ್ಬ ಬಡ ಸೈನಿಕ; ನಾಯಕ ಹೇಳಿದಲ್ಲಿಗೆ ಹೋಗುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಜಯಶೀಲನ ಪಾಲಿಗೆ ಬಂದದ್ದು ಕೋಟೆಯ ಮುತ್ತಿಗೆ. ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಆಡಬೇಕು, ಅದೇ ನಾಯಕ ಅದೇ ಸೇತುವೆ ದಾಟಿ ಅದೇ ಹೆಬ್ಬಾಗಿಲಿನಲ್ಲಿ ಬಾಣಕ್ಕೆ ಸಿಕ್ಕಿ ಸಾಯುವುದನ್ನು ನೋಡಬೇಕು.

ಸಾಯುವುದಕ್ಕೆ ಜಯಶೀಲನ ತಕರಾರಿರಲಿಲ್ಲ. ಸಾಯುವ ರೀತಿಗೆ ಇತ್ತು. ಮಹಾವೀರ ವಾರೆಂಡರ್ ಬೆಟ್ಟದ ತುದಿಯಲ್ಲಿ ಪಡೆ ಸೇರಿಸುತ್ತಾನೆ, ಅಲ್ಲಿ ನೀರಿಲ್ಲ. ಇಷ್ಟು ಜನರನ್ನು ಬೆಳಗಾಗುವ ಮೊದಲೇ ಎಬ್ಬಿಸುತ್ತಾನೆ; ಒಂದು ಒಲೆ ಹೊತ್ತಿಸಿದ್ದಿಲ್ಲ. ಹಿಂದಿನ ಅಧ್ಯಾಯದಲ್ಲಿ ಶತ್ರುವಿಗೆ ಸುದ್ದಿ ಕೊಟ್ಟು ಸಿಕ್ಕಿಬಿದ್ದ ಬೋಳುತಲೆಯವನನ್ನು ತಬ್ಬಿಕೊಂಡು, ಎಡಪಡೆಯನ್ನು ಅವನ ಕೈಗೆ ಒಪ್ಪಿಸುತ್ತಾನೆ. ಸಾಂಬಾರಿಗೆ ನೀರು ಸುರಿದು ಸಿಕ್ಕಿಬಿದ್ದ ಅಡುಗೆಯವನನ್ನು ಮರುದಿನ ಮದುವೆಯ ಆರ್ಡರಿಗೆ ಮುಖ್ಯಸ್ಥ ಮಾಡಿದ ಹಾಗೆ. ಆಮೇಲೆ, ಮಲಗಿದ್ದ ಶತ್ರುಗಳೆಲ್ಲ ಎದ್ದು ಕವಚ ತೊಟ್ಟುಕೊಳ್ಳಲು ಸಮಯವಾಗಲಿ ಎಂಬಂತೆ, ಒಂದು ದೀರ್ಘ ಭಾಷಣ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಹಿಂಬಾಗಿಲು. ಕೋಟೆಯ ಹಿಂದೆ ಒಂದು ಸಣ್ಣ ಬಾಗಿಲು ತೆರೆದೇ ಇತ್ತು. ಕೋಸು ತುಂಬಿದ ಎತ್ತಿನ ಗಾಡಿಯೊಂದು ಅದರಿಂದ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಕಾವಲುಗಾರ ತೂಕಡಿಸುತ್ತಿದ್ದ. ಚಿತ್ರ ತುಂಬಿ ಕಾಣಲೆಂದು ಯಾರೋ ಬಿಡಿಸಿಟ್ಟ ಗಾಡಿ. ಹೋಟೆಲಿನವನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ವಾರೆಂಡರ್ ಮಾತ್ರ ದಿನವೂ ಹೆಬ್ಬಾಗಿಲಿಗೇ ಹೋಗುತ್ತಿದ್ದ.

ಜಯಶೀಲ ಸುಮ್ಮನಿರಲಿಲ್ಲ. "ಪಡೆ ಬೆಳಗಿನಿಂದ ಏನೂ ತಿಂದಿಲ್ಲ" ಎಂದು ಬಗ್ ಬರೆದು ಕಳಿಸಿದ. "ನಾಯಕನಿಗೆ ಹಿಂಬಾಗಿಲು ಕಾಣುತ್ತಿಲ್ಲ, ಕಣ್ಣು ಪರೀಕ್ಷಿಸಿ" ಎಂದು ಇನ್ನೊಂದು. ಬೋಳುತಲೆಯವನ ಮೇಲೆ ಬರೆದದ್ದು ಒಂದು ಪುಟ ದಾಟಿತು. ಸಮುದ್ರದಾಚೆಯಿಂದ ಎಲ್ಲಕ್ಕೂ ಒಂದೇ ಉತ್ತರ: ಬಗ್ ಅಲ್ಲ, ಕಥೆಯೇ ಹಾಗೆ.

ಮನೆಯಲ್ಲಿ ಊಟಕ್ಕೆ ಕೂತಾಗ ಇದೇ ಮಾತು. ಅವನ ತಾಯಿ ರತ್ನಾವತಿಗೆ ವಾರೆಂಡರ್ ಎಂಬ ಹೆಸರು ಬಾಯಿಗೆ ಹತ್ತದೆ ವಾರೆಯಣ್ಣ ಆಗಿತ್ತು.

"ಇವತ್ತೂ ಎದುರಿನ ಬಾಗಿಲಿಗೇ ಹೋದನಾ ವಾರೆಯಣ್ಣ?"

"ಅಲ್ಲಿಗೇ ಅಮ್ಮ. ಭಾಷಣ ಮಾಡಿಯೇ ಹೋದ."

"ಅವನಿಗೆ ಹೇಳುವವರು ಯಾರೂ ಇಲ್ವಾ ಮಗ? ಹೆಂಡತಿ ಗಿಂಡತಿ?"

"ಹೆಂಡತಿ ಹಿಂದಿನ ಅಧ್ಯಾಯದಲ್ಲೇ ಸತ್ತಳು. ಅದೂ ಇವನ ತಪ್ಪಿಂದ್ಲೇ."

"ಹಾಗಾದ್ರೆ ಮತ್ತೆ ಅವನನ್ನು ಹಿಡಿಯುವವರಿಲ್ಲ," ಎಂದು ರತ್ನಾವತಿ ಮಜ್ಜಿಗೆ ಬಡಿಸಿದರು.

ಜಯಶೀಲನ ಹೆಂಡತಿ ಉಮಾವತಿ ನಗುತ್ತಿರಲಿಲ್ಲ. ಗಂಡನ ಕೆಲಸ ಮೂರು ತಿಂಗಳ ಗುತ್ತಿಗೆಯದು, ಅದು ಮುಗಿಯುತ್ತ ಬಂದಿದೆ ಎಂದು ಅವಳಿಗೆ ಗೊತ್ತಿತ್ತು.

ಅವನ ತಂಡದ ಲೀಡರ್ ಸೋನಾಲಿಗೂ ಗೊತ್ತಿತ್ತು. ಮಂಗಳೂರಿನ ಕಡೆಯವರ ಮಗಳಾದ ಅವಳು ಹುಟ್ಟಿದ್ದು ಠಾಣೆ ಶಹರದಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹೆಚ್ಚಾಗಿ ಹಿಂದಿಯಲ್ಲಿ. ಒಂದು ಬೆಳಿಗ್ಗೆ ಅವಳು ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

"ಅಂಕಲ್, ಆಪ್ ಕಾ ಏಕ್ ಭೀ ಬಗ್ ಪಾಸ್ ನಹೀ ಹುವಾ."

"ಒಬ್ಬ ನಾಯಕ ಹಸಿದವರನ್ನು ಯುದ್ಧಕ್ಕೆ ಕರೆದುಕೊಂಡು ಹೋಗೋದು ತಪ್ಪಲ್ವಾ, ಸೋನಾಲಿ?"

"ತಪ್ಪು ಹೈ ಅಂಕಲ್. ಬಗ್ ನಹೀ ಹೈ." ಅವಳು ದನಿ ತಗ್ಗಿಸಿದಳು. "ಶುಕ್ರವಾರದ ಒಳಗೆ ಏಕ್ ಬಡಾ ಬಗ್ ದೇ ದೋ. ನಹೀ ತೋ ಕಾಂಟ್ರ್ಯಾಕ್ಟ್ ಮೈ ನಹೀ ಬಚಾ ಸಕತಿ."

ಗುತ್ತಿಗೆ ತಪ್ಪಿದರೆ ಮತ್ತೊಬ್ಬರ ಹೋಟೆಲಿಗೆ ಹೋಗಿ ಕೌಂಟರ್ ಕೊಡಿ ಎಂದು ಕೇಳುವ ವಯಸ್ಸು ದಾಟಿದೆ ಎಂಬ ಯೋಚನೆಯಲ್ಲೇ ಜಯಶೀಲ ಮುತ್ತಿಗೆ ಶುರುಮಾಡಿದ. ಬೆಟ್ಟ ಬಂತು, ಭಾಷಣ ಬಂತು, ಬೋಳುತಲೆಯವನ ಆಲಿಂಗನ ಬಂತು. ಅಷ್ಟರಲ್ಲಿ ಅವನ ತಾಳ್ಮೆ ಕಡಿದುಹೋಯಿತು. ವಾರೆಂಡರ್ ಕತ್ತಿ ಎತ್ತಿ ಸೇತುವೆಯ ಕಡೆ ತಿರುಗಿದಾಗ ಇವನು ತನ್ನ ಸೈನಿಕನನ್ನು ಕೋಟೆಯ ಹಿಂದಕ್ಕೆ ಓಡಿಸಿ, ತರಕಾರಿ ಗಾಡಿಯೊಳಗೆ ಹಾರಿಸಿ, ಕೋಸುಗಳ ನಡುವೆ ಕೂರಿಸಿ, ಚಹಾ ಕುಡಿಯಲು ಕೆಳಗಿನ ಟಪರಿಗೆ ಹೋದ.

ಮರಳಿ ಬಂದಾಗ ಕೋಟೆಯೊಳಗೆ ಕಾಲಿಟ್ಟ ಮೊದಲ ದಂಗೆಕೋರನೆಂಬ ಕೀರ್ತಿ ಅವನದಾಗಿತ್ತು. ಗಾಡಿ ಅವನ ಸೈನಿಕನನ್ನು ಚಕ್ರವರ್ತಿಯ ಅಡುಗೆಮನೆಗೆ ತಂದಿಳಿಸಿತ್ತು. ಅಡುಗೆಯವನು ಸೌಟು ತಿರುಗಿಸುತ್ತಲೇ ಇದ್ದ, ಇವನತ್ತ ನೋಡಲಿಲ್ಲ. ಜಯಘೋಷವಿಲ್ಲ, ಕಹಳೆಯಿಲ್ಲ. ಈ ಬಾಗಿಲಿನಿಂದ ಬಂದು ಯಾರಾದರೂ ಗೆಲ್ಲಬಹುದು ಎಂದು ಗೇಮು ಮಾಡಿದವರಿಗೆ ಹೊಳೆದೇ ಇರಲಿಲ್ಲ.

ಜಯಶೀಲ ಆ ಅಡುಗೆಮನೆಯ ಕಿಟಕಿಯಿಂದ ಸೇತುವೆಯತ್ತ ನೋಡಿದ. ವಾರೆಂಡರ್ ಅಲ್ಲೇ ನಿಂತಿದ್ದ. "ಬಾ ಸೋದರ, ನನ್ನ ಜೊತೆ ಬಾ" ಎಂದು ಖಾಲಿ ಜಾಗಕ್ಕೆ ಕೈ ಚಾಚುತ್ತಿದ್ದ. ಪಕ್ಕಕ್ಕೆ ಈ ಸೈನಿಕ ಬರುವವರೆಗೆ ಅವನು ಹೆಜ್ಜೆ ಮುಂದಿಡುವಂತಿಲ್ಲ. ಅವನು ಮುಂದಿಡದೆ ಬಾಣ ಹಾರುವಂತಿಲ್ಲ. ಊಟದ ಹೊತ್ತು ಕಳೆಯಿತು. ವಾರೆಂಡರ್ ಕರೆಯುತ್ತಲೇ ಇದ್ದ, ಬದುಕಿಯೇ ಇದ್ದ.

ಗೇಮು ಹೀಗೆ ನಡುದಾರಿಯಲ್ಲಿ ಸಿಕ್ಕಿಕೊಂಡು ಮುಂದೆ ಹೋಗದಿರುವುದಕ್ಕಿಂತ ದೊಡ್ಡ ಬಗ್ ಆ ಉದ್ಯೋಗದಲ್ಲಿ ಇಲ್ಲ. ಜಯಶೀಲ ಬರೆಯಲು ಕೂತ. ಒಂದು ಸಾಲು ಬರೆದು ಅಳಿಸಿದ. ಸೋನಾಲಿ ಆ ಕಡೆ ಹಾದುಹೋದಾಗ ಪರದೆ ಮುಚ್ಚಿದ.

"ವಾರೆಯಣ್ಣ ಇವತ್ತು ಸಾಯಲಿಲ್ಲ," ಎಂದ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತು.

"ಅಂತೂ ಬುದ್ಧಿ ಬಂತಾ?" ಎಂದರು ರತ್ನಾವತಿ.

"ಬುದ್ಧಿ ಬರಲಿಲ್ಲ. ದಾರಿಯಲ್ಲಿ ಸಿಕ್ಕಿಕೊಂಡ."

ಉಮಾವತಿ ಸೌಟು ಕೆಳಗಿಟ್ಟಳು. "ಅದು ಬಗ್ಗಾ?"

"ಹೂಂ."

"ದೊಡ್ಡದಾ?"

"ಅದಕ್ಕಿಂತ ದೊಡ್ಡದು ಇಲ್ಲ."

"ಮತ್ತೆ ಬರೆದು ಕೊಟ್ರಾ?"

"ಕೊಟ್ಟರೆ ಸರಿ ಮಾಡ್ತಾರೆ ಉಮಾ. ಸರಿ ಮಾಡಿದ್ರೆ ಅವ ಸಾಯ್ತಾನೆ."

"ಬೇಡ ಮಗ, ಬರೀಬೇಡ," ಎಂದರು ರತ್ನಾವತಿ. "ಪಾಪ, ಒಂದು ದಿನವಾದ್ರೂ ಬದುಕಿದನಲ್ಲ."

ಉಮಾವತಿ ಅತ್ತೆಯ ಕಡೆ ತಿರುಗಲಿಲ್ಲ. "ಅವ ತನ್ನ ಜನಕ್ಕೆ ಅನ್ನ ಹಾಕ್ಲಿಲ್ಲ ಅಂತ ಇಷ್ಟು ದಿನ ಬೈದದ್ದು ನೀವಲ್ವಾ? ಈಗ ನೀವು ಎಂತ ಮಾಡ್ಲಿಕ್ಕೆ ಹೊರಟದ್ದು?"

ರತ್ನಾವತಿ ಮಗನ ತಟ್ಟೆಗೆ ಇನ್ನಷ್ಟು ಅನ್ನ ಹಾಕುತ್ತ, "ಅವಳು ಹೇಳಿದ್ದೂ ಸರಿ ಉಂಟು," ಎಂದು ಪಕ್ಷ ಬದಲಿಸಿದರು.

ಶುಕ್ರವಾರ ಬೆಳಿಗ್ಗೆ ಅವನು ಬರೆದ. ಭಾಷಣದ ಮೇಲೆ ಟೀಕೆಯಿಲ್ಲ, ಬೋಳುತಲೆಯವನ ಸುದ್ದಿಯಿಲ್ಲ. ಗಾಡಿ, ಸೇತುವೆ, ನಿಂತುಬಿಟ್ಟ ನಾಯಕ, ಅಷ್ಟೇ. ಸಂಜೆಯೊಳಗೆ ಸಮುದ್ರದಾಚೆಯಿಂದ ಉತ್ತರ ಬಂತು. ಈ ಗೇಮಿನಲ್ಲಿ ಇದುವರೆಗೆ ಸಿಕ್ಕ ಅತಿ ದೊಡ್ಡ ಬಗ್, ಕಂಡುಹಿಡಿದವರಿಗೆ ಅಭಿನಂದನೆ. ಸೋನಾಲಿ ಎಲ್ಲರಿಗೂ ಸಮೋಸ ತರಿಸಿದಳು. ಗುತ್ತಿಗೆ ಒಂದು ವರ್ಷಕ್ಕೆ ಮುಂದುವರಿಯಿತು.

ಮರುವಾರ ಸರಿಪಡಿಸಿದ ಗೇಮು ಬಂತು. ಬಗ್ ಹಿಡಿದವನೇ ಆಡಿ ನೋಡಿ, ಸರಿಯಾಗಿದೆ ಎಂದು ಒಪ್ಪಿ, ಅದನ್ನು ಮುಚ್ಚಬೇಕೆಂಬುದು ಅಲ್ಲಿಯ ನಿಯಮ. ಸೋನಾಲಿ ಅವನ ಹೆಗಲ ಹಿಂದೆ ನಿಂತಳು.

ಹಿಂಬಾಗಿಲಿನ ಜಾಗದಲ್ಲಿ ಕಪ್ಪು ಗೋಡೆ ಎದ್ದಿತ್ತು. ಗಾಡಿಯೂ ಇಲ್ಲ, ಎತ್ತೂ ಇಲ್ಲ. ಚಕ್ರವರ್ತಿ ಇನ್ನು ಮುಂದೆ ಏನು ತಿನ್ನುತ್ತಾನೆ ಎಂದು ಯಾರೂ ಯೋಚಿಸಿದಂತಿರಲಿಲ್ಲ. ಜಯಶೀಲ ಸೇತುವೆಯ ಈಚೆಗೇ ತನ್ನ ಸೈನಿಕನನ್ನು ನಿಲ್ಲಿಸಿಕೊಂಡು ಕಾದ. ವಾರೆಂಡರ್ ಹಿಂತಿರುಗಿ ನೋಡಲಿಲ್ಲ. ಇನ್ನು ಯಾರಿಗಾಗಿಯೂ ಕಾಯದಂತೆ ಅವನನ್ನು ತಿದ್ದಿದ್ದರು. ಒಬ್ಬನೇ ಹೆಬ್ಬಾಗಿಲಿನತ್ತ ನಡೆದ.

ಜಯಶೀಲ ಓಡಿದ. ನಿಯಮದಲ್ಲಿ ಇಲ್ಲದಿದ್ದರೂ ಸೇತುವೆ ದಾಟಿ, ಗುರಾಣಿ ಎತ್ತಿ, ಅವನ ಎದುರಿಗೆ ಹೋಗಿ ನಿಂತ. ಬಾಣಗಳು ಗುರಾಣಿಯನ್ನು ಹಾದು, ಇವನನ್ನೂ ಹಾದು, ನೇರವಾಗಿ ವಾರೆಂಡರ್‌ನ ಎದೆಗೆ ಹೋದವು.

"ಅಂಕಲ್, ಠೀಕ್ ಹುವಾ ಕ್ಯಾ?" ಎಂದಳು ಸೋನಾಲಿ.

ಅವನು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡ.

"ಆಯ್ತಮ್ಮ," ಎಂದ. "ಈಗ ಸರಿಯಾಗಿ ಸಾಯ್ತಾನೆ."

ಬಗ್ ಮುಚ್ಚಿದ.