ಎಡಕ್ಕೆ ಬಿಗಿಯುವ ನಟ್ಟು

ಸೀಸೆಯ ಮುಚ್ಚಳ ತೆಗೆಯುವ ಮೊದಲು ನಾನು ಈಗಲೂ ಒಂದು ಗಳಿಗೆ ಅನುಮಾನಿಸುತ್ತೇನೆ. ಎಡಕ್ಕೋ, ಬಲಕ್ಕೋ? ಅಷ್ಟರಲ್ಲಿ ನನ್ನಾಕೆ ಸೀಸೆ ಕಸಿದುಕೊಂಡು, ತೆರೆದು, ಒಳಗೆ ಹೋಗಿಬಿಟ್ಟಿರುತ್ತಾಳೆ. ಅವಳ ಲೆಕ್ಕದಲ್ಲಿ ಇದು ಮುಪ್ಪು. ನಿಮಗೆ ಮಾತ್ರ ಹೇಳುತ್ತೇನೆ: ಇದು ಮುಪ್ಪಲ್ಲ, ಹಳೆಯ ಪಾಪ.

ನಿಜಾಮನ ಸಂಸ್ಥಾನದೊಳಗೆ ಸೈನ್ಯ ಬಂದ ಪೊಲೀಸ್ ಕಾರ್ಯಾಚರಣೆಯ ವರ್ಷ ಅದು. ನಾನು ನಾರಾಯಣಪೇಟೆಯ ಶಾಲೆಯಲ್ಲಿ ಲೆಕ್ಕದ ಮಾಸ್ತರ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕರಿಹಲಗೆಯ ಮೇಲೆ ಉರ್ದು. ಪಕ್ಕದ ಮನೆಯ ಖಾಜಾ ಮೇಸ್ತ್ರಿಯ ಹತ್ತಿರ ಕೈಯಿಂದ ತಿರುಗಿಸುವ ಒಂದು ಹಳೆಯ ವಿಲಾಯತಿ ಸಾಣೆಯಂತ್ರವಿತ್ತು. ಒಕ್ಕಲಿಗರ ಕುಡುಗೋಲು, ದರ್ಜಿಯ ಕತ್ತರಿ, ನೇಕಾರರ ಚಾಕು ಎಲ್ಲವೂ ಅದರ ಮುಂದೆ ಸರದಿ ಕಾಯುತ್ತಿದ್ದವು. ಊರಲ್ಲಿ ಹೆದರಿಕೆಯ ಮಾತುಗಳು ಹೆಚ್ಚಾದಾಗ ಖಾಜಾ ಹೆಂಡತಿಯನ್ನು ಕರೆದುಕೊಂಡು ಹೊಳೆಯಾಚೆ ಗದ್ವಾಲದ ಅಕ್ಕನ ಮನೆಗೆ ಹೊರಟ. ಯಂತ್ರ ನನ್ನ ಪಡಸಾಲೆಗೆ ಬಂತು.

“ಇದು ನನ್ನ ರೊಟ್ಟಿರಿ ಮಾಸ್ತರ್ರ. ನಾ ಬರೂತನಕ ಸಂಬಾಳಿಸ್ರಿ” ಎಂದ.

ಸಂಬಾಳಿಸಿದೆ, ಒಂದು ವಾರ. ಕಾರ್ಯಾಚರಣೆ ಐದೇ ದಿನದಲ್ಲಿ ಮುಗಿದರೂ ಶಾಲೆ ಮಾತ್ರ ತೆರೆಯಲಿಲ್ಲ. ಕೆಲಸವಿಲ್ಲದ ಮಾಸ್ತರನಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ. ಯಂತ್ರ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಖಾಜಾನನ್ನು ಬೆರಗುಗೊಳಿಸೋಣವೆಂದು ಕುಳಿತೆ. ಸಾಣೆಕಲ್ಲನ್ನು ಹಿಡಿದಿದ್ದ ನಟ್ಟಿಗೆ ಪಾನಾ ಹಾಕಿ ಎಡಕ್ಕೆ ತಿರುಗಿಸಿದೆ. ಜಗ್ಗಲಿಲ್ಲ. ಪಾನಾದ ಹಿಡಿಕೆಗೆ ಕೊಳವೆ ಸಿಕ್ಕಿಸಿ, ಗೋಡೆಗೆ ಕಾಲು ಕೊಟ್ಟು ಎಳೆದೆ. ಟಪ್ಪೆಂದಿತು. ನಟ್ಟು ಎರಡು ಹೋಳಾಗಿ ಬಿತ್ತು.

ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಕಲ್ಲು ಯಂತ್ರದ ಎಡಗಡೆಗಿತ್ತು. ಅಲ್ಲಿ ಸಾಮಾನ್ಯ ನಟ್ಟು ಹಾಕಿದರೆ ಕಲ್ಲು ತಿರುಗುತ್ತ ತಿರುಗುತ್ತ ಅದನ್ನು ಸಡಿಲ ಮಾಡಿಬಿಡುತ್ತದೆ. ಅದಕ್ಕೇ ಮಾಡಿದವನು ತಿರುಪಿನ ಸುತ್ತುಗಳನ್ನು ಉಲ್ಟಾ ಕೊರೆದಿದ್ದ. ನಾನು ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಯುತ್ತಿದ್ದೆ! ದಿನವೂ ಎಡದಿಂದ ಬಲಕ್ಕೆ ಕನ್ನಡ, ಬಲದಿಂದ ಎಡಕ್ಕೆ ಉರ್ದು ಬರೆಯುವ ಈ ಕೈಗೆ, ಕಬ್ಬಿಣವನ್ನೂ ಎರಡು ಕಡೆಯಿಂದ ಓದಬಹುದೆಂದು ಹೊಳೆಯಲಿಲ್ಲ ನೋಡಿ.

ಬೊಂಬಾಯಿಯಿಂದ ಸಾಮಾನು ಬರುವುದು ನಿಂತು ತಿಂಗಳುಗಳಾಗಿದ್ದವು. ಬಂದರೂ ಉಲ್ಟಾ ನಟ್ಟು ಯಾರು ಕೊಡುತ್ತಾರೆ? ಖಾಜಾ ಯಾವತ್ತು ಬಂದು ಬಾಗಿಲು ಬಡಿಯುತ್ತಾನೋ ಎಂದು ಊಟ ರುಚಿಸಲಿಲ್ಲ. ಗದ್ವಾಲಕ್ಕೆ ಹೋಗುವವರು ಸಿಕ್ಕಾಗೆಲ್ಲ ಅವರ ಕೈಯಲ್ಲಿ ಉರ್ದುವಿನಲ್ಲಿ ಚೀಟಿ ಕಳಿಸಿದೆ: “ಮಶೀನ್ ಸಲಾಮತ್ ಇದೆ, ಇಲ್ಲಿ ಎಲ್ಲವೂ ಸರಿಯಾಗಿ ನಡೆದಿದೆ, ಚಿಂತೆ ಬೇಡ.” ಹೀಗೆ ಮೂರು ಚೀಟಿ. ಅಕ್ಷರ ಮಾತ್ರ ಮುತ್ತಿನಂತಿದ್ದವು.

ಯಂತ್ರದ ಅಚ್ಚನ್ನು, ಎಂದರೆ ಕಲ್ಲು ಕೂರುವ, ಉಲ್ಟಾ ಸುತ್ತುಗಳಿದ್ದ ಕಬ್ಬಿಣದ ಸಲಾಕೆಯನ್ನು, ಟವೆಲಿನಲ್ಲಿ ಸುತ್ತಿಕೊಂಡು ಬಂಡಿ ಹತ್ತಿ ಮಕ್ತಲಕ್ಕೆ ಹೋದೆ. ಅಲ್ಲಿ ನೀಲಮ್ಮ ಎಂಬ ಕಂಚುಗಾರ ಹೆಣ್ಣುಮಗಳು ಎತ್ತಿನ ಕೊರಳ ಗಂಟೆ ಎರೆಯುತ್ತಿದ್ದಳು. ಅವಳ ಹತ್ತಿರ ಇದ್ದದ್ದು ಜೇನುಮೇಣ, ಮಣ್ಣು, ತಿದಿ, ಒಂದು ಅರ. ನನ್ನ ಕಥೆ ಕೇಳಿ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಗಂಟಿಗೆ ಕೊರಳಿದ್ದಂಗ ಇದಕ್ಕೂ ಒಂದು ಕೊರಳು ಐತಲ್ಲರಿ. ಮಾಡೂಣು” ಎಂದಳು.

ಅಚ್ಚಿನ ಸುತ್ತುಗಳ ಮೇಲೆ ಬೆಚ್ಚಗಿನ ಮೇಣ ಒತ್ತಿ ನಟ್ಟಿನ ಆಕಾರ ಮಾಡಿದಳು. ಅದನ್ನು ಬಿಚ್ಚುವ ಕೆಲಸ ನನ್ನದಂತೆ. ಬಿಚ್ಚಿದೆ, ಮತ್ತೆ ಎಡಕ್ಕೆ! ಮೇಣ ಹರಿದುಹೋಯಿತು. ಎರಡನೆಯ ಸಲವೂ ಅದನ್ನೇ ಮಾಡಿದಾಗ ನೀಲಮ್ಮ ನನ್ನ ಕೈಗಳನ್ನು ಟವೆಲಿನಿಂದ ಕಟ್ಟಿಹಾಕುವುದೊಂದು ಬಾಕಿ. “ಮಾಸ್ತರ್ರ, ಪಾಠ ಹೇಳಾಕ ಬರ್ತೈತಿ, ಕಲಿಯಾಕ ಬರಾಂಗಿಲ್ಲೇನ್ರಿ?” ಎಂದಳು. ಆಮೇಲಿನ ಮೇಣವನ್ನು ಅವಳೇ ಬಿಚ್ಚಿದಳು.

ಮೇಣದ ಒಳಗೂ ಹೊರಗೂ ಮಣ್ಣು ಮೆತ್ತಿ, ಒಣಗಿಸಿ, ಸುಟ್ಟು, ಮೇಣ ಕರಗಿ ಹೋದ ಜಾಗಕ್ಕೆ ಕಂಚು ಹೊಯ್ದಳು. ಮಣ್ಣು ಒಡೆದಾಗ ಒಳಗೆ ನಟ್ಟು! ನಾನು ಕುಣಿಯುವುದೊಂದೇ ಬಾಕಿ. ಆದರೆ ಅದು ಅಚ್ಚಿಗೆ ಏರಲೇ ಇಲ್ಲ.

“ಆರಿದ ಕಂಚು ಕುಗ್ತೈತ್ರಿ. ಗಂಟಿ ಒಂದು ಕೂದಲೆಳಿ ಸಣ್ಣದಾದ್ರ ಎತ್ತು ತಕರಾರು ಮಾಡಾಂಗಿಲ್ಲ. ನಿಮ್ಮ ಮಶೀನು ಮಾಡ್ತೈತಿ.” ಅವಳು ಅದನ್ನು ಕರಗಿಸಿ, ಈ ಸಲ ಅಚ್ಚಿಗೆ ತೆಳ್ಳಗೆ ಎರಡು ಕೈ ಸುಣ್ಣ ಬಳಿದು ಅದರ ಮೇಲೆ ಮೇಣ ಒತ್ತಿದಳು. ಕುಗ್ಗುವಷ್ಟು ಜಾಗವನ್ನು ಸುಣ್ಣ ಮೊದಲೇ ಹಿಡಿದಿಟ್ಟಿತು! ವರ್ಷಗಟ್ಟಲೆ ಲೆಕ್ಕ ಕಲಿಸಿದವನು ನಾನು. ಲೆಕ್ಕ ಮಾಡಿದವಳು ಅವಳು. ಹೀಗೆ ಮತ್ತೆ ಎರೆದ ನಟ್ಟಿನ ಸುತ್ತುಗಳು ನುಣುಪಾಗಲೆಂದು, ಇಟ್ಟಿಗೆ ಪುಡಿಗೆ ಔಡಲೆಣ್ಣೆ ಕಲಸಿ ಹಚ್ಚಿ, ಅಚ್ಚಿನ ಮೇಲೆ ಸಂಜೆಯವರೆಗೆ ಹಿಂದೆ ಮುಂದೆ ತಿರುಗಿಸಿದೆ. ನಟ್ಟು ಸುತ್ತಿ ಸುತ್ತಿ ಒಳಗೆ ಹೋಗಿ, ಕೊನೆಯಲ್ಲಿ ಗಕ್ಕನೆ ಕೂತಿತು. ಎಡಕ್ಕೆ! ಆ ಗಳಿಗೆಯ ಖುಷಿಯನ್ನು ನಾನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ. ಇದನ್ನು ನನ್ನಾಕೆಗೆ ಹೇಳಬೇಡಿ.

ಊರಿಗೆ ಬಂದು ಯಂತ್ರ ಜೋಡಿಸಿ ತಿರುಗಿಸಿದೆ. ಕಿಡಿ ಹಾರಿದವು. ಕಲ್ಲು ಮಾತ್ರ ತುಸು ಓಲಾಡುತ್ತಿತ್ತು. ಇರಲಿ, ಇಂಥ ಪರಾಕ್ರಮವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಕೊಚ್ಚಿಕೊಳ್ಳುವ ಆಸೆಗೆ ಖಾಜಾನಿಗೆ ಎಲ್ಲವನ್ನೂ ಬರೆದೆ: ಮುರಿದದ್ದು, ಮೂರು ಚೀಟಿಯ ಸುಳ್ಳು, ಹೊಸ ನಟ್ಟು. ಕೊನೆಗೆ, “ಕಲ್ಲು ಓಲಾಡುತ್ತದೆ, ಅದು ನನಗೆ ತಿಳಿಯುತ್ತಿಲ್ಲ.” ಚೀಟಿ ಹೋದ ಮೇಲೆ ಭಯವಾಯಿತು.

ಮೂರನೆಯ ದಿನ ಖಾಜಾ, ಹೆಂಡತಿ ಗಂಟುಮೂಟೆ ಸಮೇತ, ಬಂದು ನಿಂತ. ಬೈಯಲಿಲ್ಲ. ಕಂಚಿನ ನಟ್ಟಿಗೆ ಉಗುರಿನಿಂದ ಹೊಡೆದ, ಅದು ಠಣ್ಣೆಂದಿತು. ನಕ್ಕ. ಆಮೇಲೆ ಕಣ್ಣು ಒರೆಸಿಕೊಂಡ.

“ಎಲ್ಲಾ ಸಲಾಮತ್ ಅಂತ ಮೂರು ಚೀಟಿ ಬಂದ್ವು ಮಾಸ್ತರ್ರ. ಓದಿ ಎದಿ ಒಡೀತು. ನಾ ಇಲ್ದಾನೂ ಊರು ನಡದೈತಿ, ಮತ್ತ್ಯಾಕ ಹೋಗಬೇಕು ಅಂದ್ಕೊಂಡು ಗದ್ವಾಲದಾಗ ಒಂದು ಮನೀನೂ ನೋಡಿದ್ದೆ. ನಾಕನೇ ಚೀಟಿ ಬಂತು ನೋಡ್ರಿ, ಅಕ್ಕಗ ಹೇಳ್ದೆ, ಅಲ್ಲಿ ಕೆಲಸ ಕೆಟ್ಟೈತಿ, ನಾ ಹೋಗಾಕ ಬೇಕು.”

ಜೇಬಿನಿಂದ ನನ್ನ ಮೊದಲ ಮೂರು ಚೀಟಿ ತೆಗೆದು, ಕತ್ತರಿಯಿಂದ ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಒದ್ದೆ ಮಾಡಿ, ಕಲ್ಲಿಗೂ ಕಬ್ಬಿಣಕ್ಕೂ ನಡುವಿನ ಸಂದು ತುಂಬುವಂತೆ ಕಲ್ಲಿನ ಎರಡೂ ಬದಿಗೆ ಇಟ್ಟು ನಟ್ಟು ಮತ್ತೆ ಬಿಗಿದ. ನಾನು ಹಿಡಿಕೆ ತಿರುಗಿಸಿದೆ. ಕಲ್ಲು ಓಲಾಡದೆ ನೆಟ್ಟಗೆ ತಿರುಗಿತು.

ನನ್ನ ಮೂರು ಸುಳ್ಳುಗಳು ಹೀಗೆ ವರ್ಷಗಟ್ಟಲೆ ಆ ಕಲ್ಲಿನ ಪಕ್ಕದಲ್ಲಿ ದುಡಿದವು. ನಾಲ್ಕನೆಯ ಚೀಟಿಯನ್ನು ಮಾತ್ರ ಖಾಜಾ ಯಾವ ಕೆಲಸಕ್ಕೂ ಜೇಬಿನಿಂದ ತೆಗೆಯಲಿಲ್ಲ.