ಗುಡ್ಡ ಇಳಿಯುವ ಕೋಲು

ಬೆಳಿಗ್ಗೆ ಅಂಗಳ ಗುಡಿಸಿದೆ, ಚಾ ಕಾಸಿದೆ, ಮಳೆಗಾಲವಿಡೀ ಅಟ್ಟದಲ್ಲಿದ್ದ ಬಲೆಯನ್ನು ಬಿಸಿಲಿಗೆ ಹರವಿದೆ, ಮಾವನ ಮಂಡಿಗೆ ಎಣ್ಣೆ ಬಿಸಿ ಮಾಡಿಕೊಟ್ಟೆ. ಕಾರವಾರದ ನಮ್ಮ ಮನೆಗೆ ಮೊದಲ ಮೊಬೈಲು ಬಂದ ವರ್ಷ ಅದು. ಮಳೆ ಮುಗಿದು ದೋಣಿ ನೀರಿಗಿಳಿಯುವ ದಿನ.

ಆ ದಿನ ಮನೆಯ ಹಿರಿಯನಾದವನು ಕೇರಿಯ ಹಿಂದಿನ ಗುಡ್ಡ ಹತ್ತಿ, ಮೇಲಿನ ದೇವರ ಕಲ್ಲಿಗೆ ಕಾಯಿ ಒಡೆಯಬೇಕು. ಒಡೆದವನೇ ಒಂದು ಹೋಳನ್ನು ತನ್ನ ಕೈಯಾರೆ ಕೆಳಗೆ ತಂದು ದೋಣಿಯ ಮೂತಿಗೆ ಮುಟ್ಟಿಸಬೇಕು. ಆಗದಿದ್ದರೆ ಆ ಕೆಲಸ ಅಂಕೋಲೆಯಲ್ಲಿ ಬೇರೆಯಾಗಿರುವ ಮಾವನ ತಮ್ಮನ ಪಾಲಿಗೆ. ಒಮ್ಮೆ ಹೋದ ಆ ಹಕ್ಕು ತಿರುಗಿ ಬರುವುದಿಲ್ಲ. ಮಂಡಿನೋವಿನ ಮಾವ ಆ ಚಿಂತೆಯಲ್ಲಿ ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ.

ಕದ್ರಾದಲ್ಲಿರುವ ನಾದಿನಿ, ಗುಡ್ಡ ಹತ್ತುವವರು ಹಿಡಿಯುವ ಒಂದು ಜೊತೆ ಕೋಲು ತಂದಿದ್ದಳು. ತಿರುಪಿದರೆ ಉದ್ದ, ಗಿಡ್ಡ ಆಗುವಂಥವು.

“ಒಂದು ಕೋಲು ಹಿಡಿದ್ರೆ ಮುದುಕ ಅಂತಾರೆ. ಎರಡು ಹಿಡಿದ್ರೆ ಎಂತ ಅಂತಾರೆ?” ಎಂದರು ಮಾವ.

“ನಾಲ್ಕು ಕಾಲಿನ ಮುದುಕ ಅಂತಾರೆ. ಬೀಳೂದಿಲ್ಲ ಅಲ್ಲ, ಅಪ್ಪಾ?” ಎಂದಳು ನಾದಿನಿ.

ಹತ್ತುವಾಗ ಮಾವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಾಳಿ ಹೊಳೆಯಲ್ಲಿ ಗಳ ಊರಿ ದೋಣಿ ನೂಕಿದ ಕೈ. ಕೋಲುಗಳನ್ನು ಹಿಂದಕ್ಕೆ ಊರಿ, ಮೈಭಾರ ಹಾಕಿ ನೂಕುತ್ತ ಹೋದರು. ಏದುಸಿರು ಬಿಟ್ಟು ಹಿಂದೆ ಉಳಿದವಳು ನಾನೇ. ಕಾಯಿ ಒಂದೇ ಏಟಿಗೆ ಒಡೆಯಿತು. ಹೋಳನ್ನು ಪಂಚೆಯ ಮಡಿಲಿಗೆ ಕಟ್ಟಿಕೊಂಡರು.

ಇಳಿಯುವಾಗಲೂ ಹಾಗೇ ಹಿಂದೆ ಊರಿ ನೂಕಿದರು. ಇಳಿಜಾರಿನಲ್ಲಿ ನೂಕಿದರೆ ಕೇಳಬೇಕೆ? ಪಾಚಿಗಟ್ಟಿದ ಚಿರೆಕಲ್ಲಿನ ಮೇಲೆ ಜಾರಿ ಧೊಪ್ಪನೆ ಕುಳಿತೇಬಿಟ್ಟರು. ಮೊದಲು ಮಡಿಲು ಮುಟ್ಟಿ ನೋಡಿಕೊಂಡರು, ಆಮೇಲೆ ಮಂಡಿ.

“ನೀನೇ ತಕೊಂಡು ಹೋಗು ಮಗಾ. ತಮ್ಮಂಗೆ ಕೊಡು,” ಅಂದರು. ಅವರ ಮುಖ ನೋಡಲಿಕ್ಕೆ ನನ್ನಿಂದಾಗಲಿಲ್ಲ.

“ಮಾವ, ದೋಣಿ ದಡಕ್ಕೆ ಬಡಿಯೋ ಹಾಗೆ ಬಂದ್ರೆ ಗಳ ಎಲ್ಲಿ ಊರ್ತೀರಿ?”

“ಮುಂದೆ. ತಡೀಲಿಕ್ಕೆ,” ಅಂದವರು ಕೈಯಲ್ಲಿದ್ದ ಕೋಲುಗಳನ್ನು ನೋಡಿಕೊಂಡರು. ಮತ್ತೆ, “ಇದನ್ನ ಮೇಲೆ ಇರುವಾಗ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?” ಎಂದು ನನಗೇ ಬೈದರು.

ಕೋಲು ತಿರುಪಿ ಉದ್ದ ಮಾಡಿಕೊಟ್ಟೆ. ಮುಂದೆ ಊರುತ್ತ, ಅಡ್ಡಡ್ಡ ಹೆಜ್ಜೆ ಇಡುತ್ತ ಇಳಿದರು. ದಡದಲ್ಲಿ ಕಾಯುತ್ತಿದ್ದ ತಮ್ಮ ಕೈ ಚಾಚಿದರೂ ಕೊಡಲಿಲ್ಲ. ಹೋಳನ್ನು ತಾವೇ ದೋಣಿಯ ಮೂತಿಗೆ ಮುಟ್ಟಿಸಿದರು.

ರಾತ್ರಿ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣ ಬಂಗಡೆ, ಕಾಯಿಚಟ್ನಿ. ಮಾವ ಮತ್ತೊಮ್ಮೆ ಹಾಕಿಸಿಕೊಂಡು ಉಂಡರು. ಉಂಡಾದ ಮೇಲೂ ಮಗಳಿಗೆ ಗುಡ್ಡ ಇಳಿದ ಕಥೆ ಹೇಳುತ್ತಲೇ ಇದ್ದರು. ಮೊದಲು ನಿದ್ದೆ ಹೋದವಳು ನಾನು.